ಕಡಲ ತೀರದ ಹಳ್ಳಿಯಲ್ಲಿ ತಂಗುವುದು: ಕುಟುಂಬದ ಅತಿಥಿಗೃಹವೋ, ಹೋಟೆಲೋ, ಬಾಡಿಗೆ ಮನೆಯೋ?

ಕಡಲ ತೀರದ ಸಣ್ಣ ಹಳ್ಳಿಯೊಂದರಲ್ಲಿ ಕೆಲವು ದಿನ ಉಳಿಯಲು ಹೊರಟವರ ಮುಂದೆ ಸಾಮಾನ್ಯವಾಗಿ ನಾಲ್ಕು ದಾರಿಗಳಿರುತ್ತವೆ. ಊರಿನ ಕುಟುಂಬವೊಂದು ತನ್ನ ಮನೆಯಲ್ಲೋ ಮನೆಯ ಪಕ್ಕದಲ್ಲೋ ನಡೆಸುವ ಸರಳ ಅತಿಥಿಗೃಹ ಮೊದಲನೆಯದು. ದಂಡೆಯ ಹೋಟೆಲ್ ಅಥವಾ ರೆಸಾರ್ಟ್ ಎರಡನೆಯದು. ಅಡುಗೆಮನೆಸಹಿತ ಇಡೀ ಮನೆಯನ್ನು ಬಾಡಿಗೆಗೆ ಹಿಡಿಯುವುದು ಮೂರನೆಯದು. ಹತ್ತಿರದ ಪಟ್ಟಣದಲ್ಲಿ ಉಳಿದು ಹಗಲು ಹೊತ್ತು ಮಾತ್ರ ಹಳ್ಳಿಗೆ ಬಂದುಹೋಗುವುದು ನಾಲ್ಕನೆಯದು. ಒಂಟಿಯಾಗಿ ತಿರುಗುವ ಯುವಜನರಿಗೆ ಹಾಸ್ಟೆಲ್ ಎಂಬ ಐದನೆಯ ದಾರಿಯೂ ಇದೆಯಾದರೂ, ಅಲ್ಲಿಗೆ ಹೋಗುವವರು ಹೊಸ ಸ್ನೇಹಿತರನ್ನು ಅರಸಿ ಹೋಗುತ್ತಾರೆಯೇ ಹೊರತು ಹಳ್ಳಿಯನ್ನಲ್ಲ. ಆದ್ದರಿಂದ ಅದನ್ನು ಇಲ್ಲಿ ಬದಿಗಿಡುತ್ತೇನೆ.

ಈ ನಾಲ್ಕನ್ನೂ ಹೋಲಿಸುವಾಗ ನಾವು ಮೊದಲು ನೋಡುವುದು ಬಾಡಿಗೆಯನ್ನು, ಆಮೇಲೆ ಕಿಟಕಿಯಿಂದ ಸಮುದ್ರ ಕಾಣುತ್ತದೆಯೇ ಎಂಬುದನ್ನು. ಎರಡೂ ಮುಖ್ಯವೇ. ಆದರೆ ಅವುಗಳಿಗಿಂತ ಮೊದಲು ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಉಳಿಯುವ ದಿನಗಳಲ್ಲಿ ಆ ಊರನ್ನೂ ಆ ಕಡಲನ್ನೂ ಬಲ್ಲ ಒಬ್ಬರು ನಮ್ಮ ಕೂಗಳತೆಯಲ್ಲಿ ಇರಬೇಕೇ, ಬೇಡವೇ? ಇರಬೇಕು ಎಂದಾದರೆ ಕುಟುಂಬದ ಅತಿಥಿಗೃಹಕ್ಕೆ ಸಾಟಿಯಾದುದು ಬೇರೊಂದಿಲ್ಲ. ಬೇಡ ಎಂದಾದರೆ, ಅಂಥ ಮನೆಯಲ್ಲಿ ಕೋಣೆ ಹಿಡಿದು ಆ ಮನೆಯವರ ವೇಳಾಪಟ್ಟಿಗೆ ಹೊಂದಿಕೊಳ್ಳುವ ಕಷ್ಟವನ್ನು ಸುಮ್ಮನೆ ಮೈಮೇಲೆ ಎಳೆದುಕೊಂಡಂತಾಗುತ್ತದೆ. ಮುಂದಿನ ಹೋಲಿಕೆಯನ್ನೆಲ್ಲ ನಾನು ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡೇ ಮಾಡುತ್ತಿದ್ದೇನೆ.

ಮನೆಯವರು ಎಲ್ಲಿರುತ್ತಾರೆ?

ಕುಟುಂಬ ನಡೆಸುವ ಅತಿಥಿಗೃಹ ಎಂದು ಜಾಹೀರಾತಿನಲ್ಲಿ ಕಾಣುವವುಗಳಲ್ಲಿ ಮೂರು ಬಗೆಯವು ಸೇರಿಕೊಂಡಿರುತ್ತವೆ. ಮನೆಯವರು ವಾಸಿಸುವ ಸೂರಿನಡಿಯಲ್ಲೇ ಒಂದೆರಡು ಕೋಣೆಗಳನ್ನು ಅತಿಥಿಗಳಿಗೆ ಬಿಟ್ಟುಕೊಟ್ಟಿರುವುದು ಒಂದು ಬಗೆ. ಅದೇ ಹಿತ್ತಿಲಿನಲ್ಲಿ ಅಥವಾ ಮಹಡಿಯ ಮೇಲೆ ಪ್ರತ್ಯೇಕ ಬಾಗಿಲು, ಪ್ರತ್ಯೇಕ ಸ್ನಾನದಮನೆ ಇರುವ ಕೋಣೆಗಳನ್ನು ಕಟ್ಟಿಸಿ, ಮನೆಯವರು ಕೆಳಗೋ ಎದುರಿಗೋ ಇರುವುದು ಇನ್ನೊಂದು. ಮಾಲೀಕರು ಬೇರೆ ಊರಿನಲ್ಲಿದ್ದು, ಕೀಲಿ ಕೊಡಲು ಮತ್ತು ಗುಡಿಸಿ ಒರೆಸಲು ಒಬ್ಬರನ್ನು ನೇಮಿಸಿ, ಕುಟುಂಬದ ಹಳೆಯ ಫೋಟೊವನ್ನು ಜಾಹೀರಾತಿನಲ್ಲಿ ಹಾಕಿಕೊಂಡಿರುವುದು ಮೂರನೆಯ ಬಗೆ. ಮೂರನೆಯದು ವಾಸ್ತವದಲ್ಲಿ ಸ್ವಾಗತಕಾರರಿಲ್ಲದ ಸಣ್ಣ ಹೋಟೆಲ್ ಅಷ್ಟೇ. ಹೋಟೆಲಿನ ಸೌಲಭ್ಯವೂ ಅಲ್ಲಿಲ್ಲ, ಮನೆಯವರ ಆಸರೆಯೂ ಇಲ್ಲ. ನನ್ನ ಮಟ್ಟಿಗೆ ಬಹುಪಾಲು ಜನರಿಗೆ ಹೊಂದುವುದು ಎರಡನೆಯ ಬಗೆಯದೇ. ಮೊದಲನೆಯದರಲ್ಲಿ ಆತ್ಮೀಯತೆ ಹೆಚ್ಚಾದರೂ, ರಾತ್ರಿ ನೀರು ಕುಡಿಯಲು ಎದ್ದರೂ ಯಾರದೋ ನಿದ್ದೆ ಕೆಡುತ್ತದೆಯೇನೋ ಎಂಬ ಅಳುಕು ಬಿಡುವುದಿಲ್ಲ.

ಜಾಹೀರಾತು ಓದಿ ಈ ಮೂರನ್ನು ಬೇರ್ಪಡಿಸುವುದು ಕಷ್ಟ, ಫೋನಿನಲ್ಲಿ ಸುಲಭ. ಕೋಣೆ ಖಾಲಿ ಇದೆಯೇ ಎಂದು ವಿಚಾರಿಸಿದ ಮೇಲೆ, ‘ಇವತ್ತು ನೀರು ಎಷ್ಟು ಹೊತ್ತಿಗೆ ಇಳಿಯುತ್ತದೆ, ಆಗ ದಂಡೆಯಲ್ಲಿ ನಡೆಯಲು ಜಾಗ ಸಿಗುತ್ತದೆಯೇ?’ ಎಂದು ಕೇಳಿ. ಮನೆಯಲ್ಲೇ ಇರುವವರಾದರೆ ಬಹುಶಃ ಬಾಗಿಲಿನತ್ತ ಹೋಗಿ ಒಮ್ಮೆ ನೋಡಿ, ‘ಈಗ ಏರುತ್ತಾ ಇದೆ, ಆಚೆಯ ಬಂಡೆ ಅರ್ಧ ಮುಳುಗಿದೆ, ಸಂಜೆ ಐದರ ಮೇಲೆ ಚೆನ್ನಾಗಿರುತ್ತದೆ’ ಎನ್ನುತ್ತಾರೆ. ಇಲ್ಲದಿದ್ದರೆ, ‘ಬೀಚ್ ವ್ಯೂ ಇದೆ ಸರ್, ಏನೂ ತೊಂದರೆ ಇಲ್ಲ’ ಎಂಬ ಉತ್ತರ ಬರುತ್ತದೆ. ಎರಡನೆಯ ಉತ್ತರ ಕೊಟ್ಟವರು ಕೆಟ್ಟವರೆಂದಲ್ಲ. ಅವರು ಅಲ್ಲಿಲ್ಲ, ಅಷ್ಟೇ.

ಈ ಪ್ರಶ್ನೆ ಕೇವಲ ಪರೀಕ್ಷೆಗಾಗಿಯೂ ಅಲ್ಲ. ಹೆಚ್ಚಿನ ಕರಾವಳಿಗಳಲ್ಲಿ ದಿನಕ್ಕೆ ಎರಡು ಬಾರಿ ಉಬ್ಬರ, ಎರಡು ಬಾರಿ ಇಳಿತ ಬರುತ್ತವೆ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷಗಳ ಅಂತರವಿರುವುದರಿಂದ ಪ್ರತಿದಿನವೂ ಅದು ಹಿಂದಿನ ದಿನಕ್ಕಿಂತ ಸುಮಾರು 50 ನಿಮಿಷ ತಡವಾಗುತ್ತದೆ. ಹೀಗಾಗಿ ಇಂದು ಬೆಳಿಗ್ಗೆ ಏಳಕ್ಕೆ ಅಗಲವಾಗಿ ಹರಡಿಕೊಂಡು ಕಂಡ ಮರಳು, ಒಂದು ವಾರದ ನಂತರ ಅದೇ ಹೊತ್ತಿಗೆ ನೀರಿನಡಿ ಇರಬಹುದು. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಏರಿಳಿತದ ಅಂತರ ಹೆಚ್ಚು. ಅಷ್ಟಮಿಯ ಸುತ್ತಮುತ್ತ ಕಡಿಮೆ. ಇದರ ಪ್ರಮಾಣವೂ ಊರಿಂದೂರಿಗೆ ಬೇರೆ: ಕೆನಡಾದ ಫಂಡಿ ಕೊಲ್ಲಿಯಲ್ಲಿ ನೀರು 16 ಮೀಟರ್‌ವರೆಗೆ ಏರಿಳಿಯುತ್ತದೆ, ಮೆಡಿಟರೇನಿಯನ್ ಸಮುದ್ರದ ಬಹುಭಾಗದಲ್ಲಿ ಅರ್ಧ ಮೀಟರ್ ಕೂಡ ಇಲ್ಲ. ಅಂಥ ಕಡೆ ಉಬ್ಬರದ ಬದಲು ಗಾಳಿಯ ದಿಕ್ಕನ್ನು ಕೇಳಬೇಕು. ಅಲ್ಲಿನವರ ದಿನಚರಿಯನ್ನು ಗಾಳಿಯೇ ನಿರ್ಧರಿಸುತ್ತದೆ. ‘ಮನೆಯ ಮುಂದೆಯೇ ಬೀಚ್’ ಎಂದು ಬರೆದಿರುವ ಎಷ್ಟೋ ಕಡೆ ದಿನದ ಅರ್ಧ ಭಾಗ ಬೀಚ್ ಎಂಬುದೇ ಇರುವುದಿಲ್ಲ, ಕಲ್ಲುಗೋಡೆಗೆ ಅಪ್ಪಳಿಸುವ ನೀರಷ್ಟೇ ಇರುತ್ತದೆ.

ನೀರಿಗೆ ಇಳಿಯುವವರಿಗೆ

ಹೋಟೆಲಿಗೂ ಕುಟುಂಬದ ಮನೆಗೂ ಇರುವ ದೊಡ್ಡ ವ್ಯತ್ಯಾಸ ಕಾಣುವುದು ಸಮುದ್ರಸ್ನಾನದ ವಿಷಯದಲ್ಲಿ. ದೊಡ್ಡ ರೆಸಾರ್ಟ್‌ಗಳ ಮುಂದಿನ ದಂಡೆಯಲ್ಲಿ ಹಲವೆಡೆ ಜೀವರಕ್ಷಕರೂ ಎಚ್ಚರಿಕೆಯ ಬಾವುಟಗಳೂ ಇರುತ್ತವೆ. ಇಲ್ಲವಾದರೆ ಈಜುಕೊಳವಾದರೂ ಇರುತ್ತದೆ. ಹಳ್ಳಿಯ ದಂಡೆಯಲ್ಲಿ ಇವಾವುವೂ ಇಲ್ಲದಿರುವುದೇ ಹೆಚ್ಚು. ಅಲ್ಲಿ ಅವುಗಳ ಸ್ಥಾನವನ್ನು ತುಂಬಬಲ್ಲವರು ಮನೆಯವರೇ. ಯಾವ ಜಾಗದಲ್ಲಿ ಇಳಿಯಬಹುದು, ಯಾವ ಜಾಗದಲ್ಲಿ ಅವರ ಮಕ್ಕಳೂ ಇಳಿಯುವುದಿಲ್ಲ ಎಂಬುದು ಅವರಿಗೆ ಗೊತ್ತಿರುತ್ತದೆ.

ಇದು ಏಕೆ ಅಷ್ಟು ಮುಖ್ಯ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಲೆಗಳು ದಂಡೆಗೆ ತಂದು ಹಾಕಿದ ನೀರು ಮತ್ತೆ ಒಳಕ್ಕೆ ಹೋಗಲೇಬೇಕು, ಮತ್ತು ಅದು ಮರಳದಿಬ್ಬಗಳ ನಡುವಿನ ತಗ್ಗನ್ನೋ ಬಂಡೆಯ ಮಗ್ಗುಲನ್ನೋ ಹಿಡಿದು ಕಿರಿದಾದ, ಬಿರುಸಾದ ಸೆಳೆತವಾಗಿ ಹರಿಯುತ್ತದೆ. ಅಲ್ಲಿ ನೀರು ಆಳವಿರುವುದರಿಂದ ಅಲೆಗಳು ಒಡೆಯುವುದು ಕಡಿಮೆ. ಹಾಗಾಗಿ ಎರಡೂ ಕಡೆ ನೊರೆ ಎದ್ದಿರುವಾಗ ನಡುವೆ ಶಾಂತವಾಗಿ ಕಾಣುವ ಆ ಓಣಿಯೇ ಈಜಲು ಒಳ್ಳೆಯ ಜಾಗವೆಂದು ಹೊಸಬರಿಗೆ ತೋರುತ್ತದೆ. ಅಪಾಯವಿರುವುದು ಅಲ್ಲೇ. ಸಿಕ್ಕಿಕೊಂಡವರು ದಂಡೆಯತ್ತ ನೇರವಾಗಿ ಈಜಲು ಹೆಣಗಿ ಸುಸ್ತಾಗುತ್ತಾರೆ. ಮಾಡಬೇಕಾದದ್ದು ಗಾಬರಿಗೊಳ್ಳದೆ ತೇಲುತ್ತಾ, ದಂಡೆಗೆ ಸಮಾನಾಂತರವಾಗಿ ಈಜಿ ಆ ಓಣಿಯಿಂದ ಹೊರಬಂದು, ಆಮೇಲೆ ದಂಡೆಯತ್ತ ತಿರುಗುವುದು. ಮಳೆಗಾಲದಲ್ಲಿ ಮರಳದಿಬ್ಬಗಳು ಸ್ಥಳ ಬದಲಿಸುವುದರಿಂದ ಹೋದ ವರ್ಷದ ಅನುಭವ ಈ ವರ್ಷ ಉಪಯೋಗಕ್ಕೆ ಬಾರದು. ಇಂಥ ದಂಡೆಗೆ ಸಣ್ಣ ಮಕ್ಕಳೊಂದಿಗೆ ಹೋಗುವವರು, ಊರಿನವರು ಯಾರೂ ಜೊತೆಗಿಲ್ಲದ ಬಾಡಿಗೆ ಮನೆಯನ್ನು ಹಿಡಿಯದಿರುವುದೇ ಮೇಲು. ಮನೆಯವರಿರುವ ಅತಿಥಿಗೃಹ ಅಥವಾ ಜೀವರಕ್ಷಕರಿರುವ ಹೋಟೆಲ್, ಇವೆರಡರಲ್ಲೊಂದು.

ಸಮುದ್ರ ಕಾಣುವ ಕೋಣೆಯ ಲೆಕ್ಕ

ಸಮುದ್ರಾಭಿಮುಖ ಕೋಣೆಗೆ ಎಲ್ಲರೂ ಹೆಚ್ಚು ಹಣ ಕೇಳುತ್ತಾರೆ, ನಾವೂ ಕೊಡುತ್ತೇವೆ. ಏರ್‌ ಕಂಡಿಷನರ್ ಇರುವ ಹೋಟೆಲಿನಲ್ಲಿ ಕಿಟಕಿ ಮುಚ್ಚಿಕೊಂಡೇ ಇರುವುದರಿಂದ ಅದು ನೋಟದ ಬೆಲೆ ಮಾತ್ರ. ಫ್ಯಾನ್ ಮಾತ್ರ ಇರುವ ಸರಳ ಅತಿಥಿಗೃಹದಲ್ಲಾದರೆ ಕಿಟಕಿ ಯಾವ ದಿಕ್ಕಿಗಿದೆ ಎಂಬುದರ ಮೇಲೆ ನಿದ್ದೆಯೇ ನಿಂತಿರುತ್ತದೆ.

ಬಿಸಿಲೇರಿದಂತೆ ನೆಲ ನೀರಿಗಿಂತ ಬೇಗ ಕಾಯುವುದರಿಂದ ಹಗಲಿನಲ್ಲಿ ಗಾಳಿ ಕಡಲಿನಿಂದ ನೆಲದತ್ತ ಬೀಸುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದು ಬಲವಾಗಿರುತ್ತದೆ. ರಾತ್ರಿ ನೆಲ ಬೇಗ ತಣ್ಣಗಾಗುವುದರಿಂದ ಗಾಳಿ ತಿರುಗಿ, ನೆಲದಿಂದ ಕಡಲಿನತ್ತ ಮೆಲ್ಲಗೆ ಸಾಗುತ್ತದೆ. ಅಂದರೆ ಸಮುದ್ರದ ಕಡೆಗೆ ಮಾತ್ರ ಕಿಟಕಿಯಿರುವ ಕೋಣೆಯಲ್ಲಿ ಮಧ್ಯಾಹ್ನ ಹಾಯಾಗಿದ್ದು, ಮಲಗುವ ಹೊತ್ತಿಗೆ ಸೆಕೆ ಕವಿಯುತ್ತದೆ. ಎದುರುಬದುರು ಎರಡು ಕಿಟಕಿಗಳಿರುವ ಕೋಣೆ, ಅದರಿಂದ ಕಡಲು ಓರೆಯಾಗಿ ಕಂಡರೂ ಸರಿಯೇ, ಬೇಸಿಗೆಯಲ್ಲಿ ಎಷ್ಟೋ ಮೇಲು. ಪಶ್ಚಿಮಕ್ಕೆ ಕಡಲಿರುವ ಊರುಗಳಲ್ಲಿ ಇನ್ನೊಂದು ತೊಂದರೆಯೂ ಇದೆ: ಸೂರ್ಯಾಸ್ತ ಕಾಣುವ ಗೋಡೆಯೇ ಇಳಿಹೊತ್ತಿನ ಬಿಸಿಲನ್ನೆಲ್ಲ ಕುಡಿದು ರಾತ್ರಿ ಹತ್ತರವರೆಗೂ ಶಾಖ ಬಿಡುತ್ತಿರುತ್ತದೆ. ಆ ಬದಿಯಲ್ಲಿ ಜಗಲಿಯೋ ಮರದ ನೆರಳೋ ಇದ್ದರೆ ಈ ಮಾತು ಅನ್ವಯಿಸದು. ಪೂರ್ವ ಕರಾವಳಿಯಲ್ಲಿ ಇದು ತಲೆಕೆಳಗಾಗುತ್ತದೆ. ಅಲ್ಲಿ ಪರದೆ ತೆಳ್ಳಗಿದ್ದರೆ ಸೂರ್ಯನೇ ಬೆಳಿಗ್ಗೆ ಎಬ್ಬಿಸುತ್ತಾನೆ.

ಮಳೆಗಾಲದಲ್ಲಂತೂ ಸಮುದ್ರಾಭಿಮುಖ ಕೋಣೆಯನ್ನು ಬಿಟ್ಟುಬಿಡುವುದೇ ಒಳಿತು. ಓರೆಮಳೆ ಕಿಟಕಿಯ ಸಂದಿನಿಂದ ಒಳನುಗ್ಗುತ್ತದೆ, ಅಲೆಗಳ ಮೊರೆತ ಇಡೀ ರಾತ್ರಿ ನಿಲ್ಲುವುದಿಲ್ಲ. ಅದನ್ನೇ ಕೇಳಲು ಹೋಗುವವರೂ ಇದ್ದಾರೆ, ಅವರ ಸುದ್ದಿ ಬೇರೆ.

ಉಪ್ಪು, ತುಕ್ಕು, ನೀರು

ಕರಾವಳಿಯ ಯಾವುದೇ ಕಟ್ಟಡದ ಆರೋಗ್ಯವನ್ನು ಅಳೆಯಲು ನಾನು ನೋಡುವುದು ಸೋಫಾವನ್ನಲ್ಲ, ಬಾಗಿಲಿನ ಚಿಲಕವನ್ನು. ಗಾಳಿಯಲ್ಲಿ ತೇಲಿಬರುವ ಉಪ್ಪು ತೇವವನ್ನು ಹಿಡಿದಿಟ್ಟುಕೊಂಡು ಕಬ್ಬಿಣವನ್ನು ಬೇಗ ತಿನ್ನುತ್ತದೆ. ಚಿಲಕ, ಕೀಲು, ಕಿಟಕಿಯ ಸರಳು, ಶವರಿನ ತಲೆ, ಫ್ಯಾನಿನ ಕೊಂಡಿ, ಏರ್‌ ಕಂಡಿಷನರಿನ ಹೊರಗಿನ ಯಂತ್ರ, ಇವೆಲ್ಲ ಒಳನಾಡಿನಲ್ಲಿ ಬಾಳುವಷ್ಟು ಕಾಲ ಇಲ್ಲಿ ಬಾಳುವುದಿಲ್ಲ. ಫೋಟೊವನ್ನು ದೊಡ್ಡದು ಮಾಡಿ ನೋಡಿ. ಚಿಲಕದ ಸುತ್ತ ಕಂದುಬಣ್ಣದ ಕಲೆ ಗೋಡೆಗೆ ಇಳಿದಿದ್ದು, ಅದರ ಮೇಲೆಯೇ ಹೊಸ ಸುಣ್ಣ ಬಳಿದಿದ್ದರೆ, ಅಲ್ಲಿ ದುರಸ್ತಿಗಿಂತ ಮರೆಮಾಚುವುದೇ ನಡೆಯುತ್ತಿದೆ ಎಂದು ತಿಳಿಯಬಹುದು. ಸರಳುಗಳಿಗೆ ಹಲವು ಪದರ ಬಣ್ಣ ಬಳಿದು ದಪ್ಪವಾಗಿ, ಒಡ್ಡೊಡ್ಡಾಗಿ ಕಂಡರೆ ಅದು ಒಳ್ಳೆಯ ಲಕ್ಷಣ; ಯಾರೋ ಪ್ರತಿ ವರ್ಷ ಮಳೆಗೆ ಮುಂಚೆ ಕುಂಚ ಹಿಡಿಯುತ್ತಿದ್ದಾರೆ. ಮನೆಯವರೇ ನಡೆಸುವ ಕಡೆ ವಸ್ತುಗಳು ಹಳೆಯವಾಗಿದ್ದರೂ ಕೆಲಸ ಮಾಡುತ್ತಿರುತ್ತವೆ. ದೂರದ ಮಾಲೀಕರ ಬಾಡಿಗೆ ಮನೆಗಳಲ್ಲಿ ವಸ್ತುಗಳು ಹೊಸವಾಗಿದ್ದೂ ಕೆಟ್ಟು ನಿಂತಿರುತ್ತವೆ. ಕೆಲವು ವಾರ ಬೀಗ ಹಾಕಿದ್ದ ಮನೆಯಲ್ಲಿ ಹಾಸಿಗೆ, ದಿಂಬುಗಳಿಗೆ ಬೂಷ್ಟಿನ ವಾಸನೆ ಹಿಡಿಯುವುದು ಕಡಲ ತೀರದಲ್ಲಿ ತೀರ ಸಾಮಾನ್ಯ, ಮತ್ತು ಆ ವಾಸನೆ ಫೋಟೊದಲ್ಲಿ ಬರುವುದಿಲ್ಲ. ಉಬ್ಬಸ ಇರುವವರು ಇದನ್ನು ಮೊದಲೇ ಕೇಳಿಕೊಳ್ಳಬೇಕು: ಹಿಂದಿನ ವಾರ ಆ ಕೋಣೆಯಲ್ಲಿ ಯಾರಾದರೂ ಇದ್ದರೇ?

ನೀರಿನ ವಿಷಯ ಇನ್ನೂ ಸೂಕ್ಷ್ಮ. ತೀರದ ನೆಲದಡಿಯಲ್ಲಿ ಸಿಹಿನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೇಲಿದಂತೆ ನಿಂತಿರುತ್ತದೆ. ಸಮುದ್ರಮಟ್ಟಕ್ಕಿಂತ 1 ಮೀಟರ್ ಮೇಲೆ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು 40 ಮೀಟರ್‌ವರೆಗೆ ಸಿಹಿನೀರಿರುತ್ತದೆ ಎಂಬುದು ಅಂತರ್ಜಲ ತಜ್ಞರ ಸ್ಥೂಲ ಲೆಕ್ಕ. ಇದರ ತಿರುಗುಮುರುಗು ಅರ್ಥವೇನೆಂದರೆ, ಪಂಪು ಹಾಕಿ ಬಾವಿಯ ಮಟ್ಟವನ್ನು ಸ್ವಲ್ಪ ಇಳಿಸಿದರೂ ಕೆಳಗಿನ ಉಪ್ಪುನೀರು ಅದರ ಹಲವು ಪಟ್ಟು ಮೇಲೇರುತ್ತದೆ. ಬೇಸಿಗೆಯ ಕೊನೆಯಲ್ಲಿ ಅನೇಕ ಮನೆಗಳ ನಲ್ಲಿಯಲ್ಲಿ ಬರುವ ನೀರು ಸಪ್ಪೆಯೂ ಅಲ್ಲ, ಉಪ್ಪೂ ಅಲ್ಲ. ಸೋಪು ಎಷ್ಟು ಉಜ್ಜಿದರೂ ನೊರೆ ಬಾರದೆ ಮೈಮೇಲೆ ಜಿಗುಟಾಗಿ ಉಳಿಯುತ್ತದೆ. ಸ್ನಾನದ ನೀರು ಎಲ್ಲಿಂದ, ಕುಡಿಯುವ ನೀರು ಎಲ್ಲಿಂದ ಎಂದು ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿಯೇ ಕೇಳಬೇಕು. ಹೋಟೆಲುಗಳು ಶುದ್ಧೀಕರಣ ಘಟಕ ಹಾಕಿಸಿಕೊಂಡೋ ಟ್ಯಾಂಕರ್ ತರಿಸಿಯೋ ಇದನ್ನು ಅತಿಥಿಗಳ ಕಣ್ಣಿಗೆ ಬೀಳದಂತೆ ನಿಭಾಯಿಸುತ್ತವೆ. ಈ ಒಂದು ವಿಷಯದಲ್ಲಿ ಹೋಟೆಲಿಗೇ ಹೆಚ್ಚು ಅಂಕ, ಆ ಈಜುಕೊಳಕ್ಕೆ ಬೇಕಾದ ನೀರು ಯಾರ ಬಾವಿಯ ಪಾಲಿನದು ಎಂಬ ಪ್ರಶ್ನೆಯನ್ನು ಬದಿಗಿಟ್ಟರೆ.

ಬಿಸಿನೀರಿನ ಬಗ್ಗೆ ಒಂದೇ ಮಾತು, ಆದರೆ ಗಂಭೀರವಾದದ್ದು. ಸಣ್ಣ ಅತಿಥಿಗೃಹಗಳಲ್ಲೂ ಬಾಡಿಗೆ ಮನೆಗಳಲ್ಲೂ ಗ್ಯಾಸ್ ಗೀಸರ್ ಬಳಕೆಯಲ್ಲಿದೆ. ಅದು ಕಿಟಕಿ ಮುಚ್ಚಿದ ಸ್ನಾನದಮನೆಯ ಒಳಗೇ ಇದ್ದರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಂಡು ಪ್ರಾಣವನ್ನೇ ತೆಗೆಯಬಲ್ಲದು. ಗೀಸರ್ ಹೊರಗಿರಬೇಕು, ಒಳಗಿದ್ದರೆ ಅದರ ಹೊಗೆ ಕೊಳವೆಯ ಮೂಲಕ ಹೊರಹೋಗುವಂತಿರಬೇಕು. ಇಲ್ಲವಾದರೆ ಬಕೆಟ್ಟಿನಲ್ಲಿ ಬಿಸಿನೀರು ತರಿಸಿಕೊಳ್ಳಿ. ಮನೆಯವರಿರುವ ಕಡೆ ಅದಕ್ಕೆ ಯಾರೂ ಬೇಸರಿಸುವುದಿಲ್ಲ.

ಊಟ ಮತ್ತು ಏಕಾಂತ

ಅತಿಥಿಗೃಹದ ಅಡುಗೆ ಮೆನು ನೋಡಿ ಆರಿಸುವಂಥದ್ದಲ್ಲ. ಮನೆಯವರಿಗೆ ಏನಾಗುತ್ತದೋ ಅದೇ ನಿಮಗೂ. ಮೀನು ಸಿಕ್ಕರೆ ಮೀನು, ದೋಣಿಗಳು ಇಳಿಯದಿದ್ದರೆ ಇಲ್ಲ. ಮೀನುಗಾರಿಕೆ ಸ್ಥಗಿತವಾಗುವ ಕಾಲವನ್ನೂ ಗಮನದಲ್ಲಿಡಬೇಕು: ಭಾರತದ ಪಶ್ಚಿಮ ಕರಾವಳಿಯ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ, ತಲಾ 61 ದಿನಗಳ ನಿಷೇಧವಿರುತ್ತದೆ. ಆ ದಿನಗಳಲ್ಲಿ ತಾಜಾ ಮೀನಿನ ಆಸೆಯಿಂದ ಹೋದವರಿಗೆ ನಾಡದೋಣಿಯವರು ತಂದದ್ದಷ್ಟೇ ಗತಿ. ಹೋಟೆಲಿನ ಅಡುಗೆಮನೆಯಲ್ಲಿ ಶೈತ್ಯಾಗಾರದ ದಾಸ್ತಾನು ಇರುವುದರಿಂದ ಪಟ್ಟಿ ಬದಲಾಗುವುದಿಲ್ಲ. ಅದನ್ನು ಅನುಕೂಲವೆಂದೂ ಹೇಳಬಹುದು, ಆಕ್ಷೇಪವೆಂದೂ ಹೇಳಬಹುದು. ಸಿಗಡಿ, ಏಡಿಗಳಿಂದ ಅಲರ್ಜಿಯಾಗುವವರು ಮಾತ್ರ ಒಂದೇ ಬಾಣಲೆ, ಒಂದೇ ಸೌಟು ಎಲ್ಲಕ್ಕೂ ಬಳಕೆಯಾಗುವ ಮನೆಯ ಅಡುಗೆಗಿಂತ, ತಾವೇ ಬೇಯಿಸಿಕೊಳ್ಳಬಹುದಾದ ಬಾಡಿಗೆ ಮನೆಯನ್ನು ಆರಿಸುವುದು ಕ್ಷೇಮ. ಸಸ್ಯಾಹಾರಿಗಳಿಗೆ ಈ ಮಾತು ಬೇರೆ ಕಾರಣಕ್ಕೆ ಅನ್ವಯಿಸುತ್ತದೆ.

ಊಟದ ಸಮಯವೂ ಮನೆಯದೇ. ರಾತ್ರಿ ಎಂಟೂವರೆಗೆ ಬಡಿಸುವ ಮನೆಯಲ್ಲಿ ಹತ್ತಕ್ಕೆ ಬಂದು ತಟ್ಟೆ ಕೇಳುವುದು ಸಲ್ಲದು, ಹಣ ಕೊಟ್ಟಿದ್ದೇವೆ ಎಂಬುದು ಅದಕ್ಕೆ ಸಮರ್ಥನೆಯೂ ಆಗದು. ತಡರಾತ್ರಿ ತಿರುಗಾಡಿ ಬರುವವರು, ಗೆಳೆಯರ ಗುಂಪು ಕಟ್ಟಿಕೊಂಡು ಗದ್ದಲ ಮಾಡಬೇಕೆನ್ನುವವರು, ಹೊಸದಾಗಿ ಮದುವೆಯಾಗಿ ಯಾರ ಕಣ್ಣಿಗೂ ಬೀಳದೆ ಇರಬೇಕೆನ್ನುವವರು, ಈ ಮೂರೂ ಬಗೆಯವರಿಗೆ ಕುಟುಂಬದ ಅತಿಥಿಗೃಹ ಇಕ್ಕಟ್ಟಾಗುತ್ತದೆ. ಮೊದಲನೆಯವರು ಹೋಟೆಲಿಗೆ, ಎರಡನೆಯವರು ಊರಿನಿಂದ ಸ್ವಲ್ಪ ದೂರದ ಇಡೀ ಮನೆಗೆ, ಮೂರನೆಯವರು ಇವೆರಡರಲ್ಲಿ ಯಾವುದಕ್ಕಾದರೂ ಹೋಗಲಿ. ಅದೇ ಒಬ್ಬಂಟಿ ಮಹಿಳಾ ಪ್ರವಾಸಿಗಳಿಗೆ, ವಯಸ್ಸಾದ ತಂದೆತಾಯಿಯರೊಂದಿಗೆ ಹೋಗುವವರಿಗೆ ಆ ‘ಕಣ್ಣಿಗೆ ಬೀಳುವಿಕೆ’ಯೇ ಆಸರೆ. ರಾತ್ರಿ ಜ್ವರ ಬಂದರೆ ಯಾವ ವೈದ್ಯರು ಬಾಗಿಲು ತೆರೆಯುತ್ತಾರೆ, ಯಾರ ಆಟೋ ಆ ಹೊತ್ತಿಗೆ ಬರುತ್ತದೆ ಎಂಬುದು ಮನೆಯ ಯಜಮಾನಿಗೆ ಗೊತ್ತಿರುತ್ತದೆ. ಆದರೆ ಹಿರಿಯರಿಗಾಗಿ ಮೆಟ್ಟಿಲನ್ನು ಮರೆಯದೆ ವಿಚಾರಿಸಬೇಕು: ನೋಟ ಚೆನ್ನಾಗಿರುವ ಕಡಲೂರುಗಳು ಹೆಚ್ಚಾಗಿ ಗುಡ್ಡದ ಇಳಿಜಾರಿನಲ್ಲಿರುತ್ತವೆ, ವಾಹನ ನಿಲ್ಲುವ ಜಾಗದಿಂದ ಮನೆಗೆ ಎಷ್ಟು ಮೆಟ್ಟಿಲು ಎಂಬುದನ್ನು ಯಾರೂ ತಾವಾಗಿಯೇ ಬರೆಯುವುದಿಲ್ಲ.

ಮೀನುಗಾರರ ಬಂದರಿನ ಹತ್ತಿರದ ಮನೆಯಾದರೆ ನಸುಕಿನಲ್ಲೇ ದೋಣಿಗಳ ಎಂಜಿನ್ ಸದ್ದು ಏಳುತ್ತದೆ, ಒಣಮೀನಿನ ಅಂಗಳವಿದ್ದರೆ ಗಾಳಿ ಬೀಸಿದ ಕಡೆಗೆಲ್ಲ ವಾಸನೆ. ಇವು ಊರಿನ ಜೀವನೋಪಾಯ. ದೂರು ಕೊಡುವ ಬದಲು ದೂರದ ಮನೆ ಹಿಡಿಯಬೇಕು.

ಇಡೀ ಮನೆ ಯಾವಾಗ ಸರಿ, ಪಟ್ಟಣ ಯಾವಾಗ ಸರಿ

ಒಂದು ವಾರಕ್ಕಿಂತ ಹೆಚ್ಚು ಉಳಿಯುವುದಾದರೆ, ಜೊತೆಯಲ್ಲಿ ಐದಾರು ಜನರಿದ್ದರೆ, ಊಟದ ಪಥ್ಯವಿದ್ದರೆ, ಅಥವಾ ಕಚೇರಿಯ ಕೆಲಸವನ್ನೂ ಕಟ್ಟಿಕೊಂಡು ಹೋಗುವುದಾದರೆ ಇಡೀ ಮನೆಯ ಬಾಡಿಗೆ ಹೆಚ್ಚು ಹೊಂದುತ್ತದೆ. ತಲಾ ಖರ್ಚು ಇಳಿಯುತ್ತದೆ, ಬಟ್ಟೆ ಒಗೆಯಲು, ಒಣಗಿಸಲು ಜಾಗ ಸಿಗುತ್ತದೆ, ವೇಳೆ ನಿಮ್ಮದೇ ಆಗಿರುತ್ತದೆ. ಕೂಗಳತೆಯಲ್ಲಿ ಒಬ್ಬರಿಲ್ಲ ಎಂಬ ಕೊರತೆ ಕಾಣುವುದು ವಿದ್ಯುತ್ ಹೋದಾಗ, ಶೌಚಾಲಯ ಕಟ್ಟಿಕೊಂಡಾಗ, ಹಂಚು ಸೋರಿದಾಗ. ಬಿರುಗಾಳಿಯ ದಿನಗಳಲ್ಲಿ ಕರಾವಳಿಯ ಹಳ್ಳಿಗಳಲ್ಲಿ ಮರ ಬಿದ್ದು ತಂತಿ ಹರಿದರೆ ಕರೆಂಟು ಯಾವಾಗ ಬರುತ್ತದೆಂದು ಹೇಳಲಾಗದು; ಇನ್ವರ್ಟರ್ ಇದೆಯೇ, ಅದು ಎಷ್ಟು ಗಂಟೆ ಬರುತ್ತದೆ, ಮೊಬೈಲ್ ಸಿಗ್ನಲ್ ಯಾವ ಕಂಪನಿಯದು ಸಿಗುತ್ತದೆ ಎಂದು ಕೇಳಿಯೇ ಹೋಗಬೇಕು.

ಇಡೀ ಮನೆಗಳನ್ನು ಪ್ರವಾಸಿಗಳಿಗೆ ಕೊಡುವ ವ್ಯವಸ್ಥೆ ಮಿತಿ ಮೀರಿದಾಗ ಊರಿನವರಿಗೇ ಮನೆ ಸಿಗದಂತಾಗುತ್ತದೆ ಎಂಬ ಆಕ್ಷೇಪ ಹಲವು ದೇಶಗಳಲ್ಲಿದೆ, ಅದು ಬರಿಯ ಗೊಣಗಾಟವಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್ ತೀರದ ಸೇಂಟ್ ಐವ್ಸ್ ಎಂಬ ಊರಿನ ಜನ 2016ರಲ್ಲಿ ಮತ ಹಾಕಿ, ಹೊಸದಾಗಿ ಕಟ್ಟುವ ಮನೆಗಳು ಅಲ್ಲೇ ನೆಲೆಸುವವರಿಗೇ ಮೀಸಲಾಗಬೇಕೆಂಬ ನಿಯಮವನ್ನು ಒಪ್ಪಿದರು. ರಜೆಗಷ್ಟೇ ಬಂದುಹೋಗುವವರ ಎರಡನೆಯ ಮನೆಗಳು ಅಲ್ಲಿ ಅಷ್ಟು ಹೆಚ್ಚಿದ್ದವು. ಕುಟುಂಬ ವಾಸಿಸುತ್ತಲೇ ನಡೆಸುವ ಅತಿಥಿಗೃಹದಲ್ಲಿ ಈ ತೊಡಕು ಕಡಿಮೆ: ಪ್ರವಾಸಿಗಳಿಲ್ಲದ ತಿಂಗಳಲ್ಲೂ ಆ ಮನೆಯ ದೀಪ ಉರಿಯುತ್ತಿರುತ್ತದೆ. ಇದನ್ನು ನಾನು ಆಯ್ಕೆಯ ಮುಖ್ಯ ಕಾರಣವೆಂದು ಹೇಳುವುದಿಲ್ಲ, ಆದರೆ ಉಳಿದದ್ದೆಲ್ಲ ಸಮವಾಗಿದ್ದಾಗ ತಕ್ಕಡಿಯನ್ನು ವಾಲಿಸಲು ಇದು ಸಾಕು.

ಪಟ್ಟಣದಲ್ಲಿ ಉಳಿಯುವುದು ಒಂದೇ ರಾತ್ರಿಯ ಪ್ರವಾಸಕ್ಕೆ ಸರಿ; ಮನೆಯವರ ಪರಿಚಯವಾಗುವಷ್ಟರಲ್ಲಿ ಹೊರಡುವುದಾದರೆ ಅತಿಥಿಗೃಹದ ಲಾಭ ಸಿಗುವುದಿಲ್ಲ. ಹಳ್ಳಿಗೂ ಪಟ್ಟಣಕ್ಕೂ ನಡುವೆ ಒಳ್ಳೆಯ ಸಂಚಾರ ವ್ಯವಸ್ಥೆ ಇರುವ ಕಡೆ ಇದು ಇನ್ನೂ ಸುಲಭ. 1997ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಇಟಲಿಯ ಚಿಂಕ್ವೆ ತೆರ್ರೆಯ ಐದು ಕಡಲೂರುಗಳಿಗೂ ರೈಲು ನಿಲ್ದಾಣಗಳಿದ್ದು, ಹಲವರು ಹತ್ತಿರದ ಲಾ ಸ್ಪೆತ್ಸಿಯಾ ನಗರದಲ್ಲಿ ತಂಗಿ ಬಂದುಹೋಗುತ್ತಾರೆ. ಹಾಗೆ ಬರುವವರಿಗೆ ಊರು ಕಾಣುವುದು ಜನಜಂಗುಳಿಯ ಹೊತ್ತಿನಲ್ಲೇ. ಬೆಳಗಿನ ಏಳು ಗಂಟೆಯ, ಸಂಜೆಯ ಕೊನೆಯ ಗಾಡಿ ಹೋದ ಮೇಲಿನ ಊರು ಅಲ್ಲೇ ಮಲಗುವವರಿಗೆ ಮಾತ್ರ.

ಕಾಯ್ದಿರಿಸುವಾಗ

ಪರವಾನಗಿ ಅಥವಾ ನೋಂದಣಿ ಇದೆಯೇ ಎಂದು ಕೇಳಲು ಸಂಕೋಚ ಬೇಡ. ಅದು ಇದ್ದರೆ ವಿವಾದದ ಸಂದರ್ಭದಲ್ಲಿ ದೂರು ಕೊಡಲು ಒಂದು ಸ್ಥಳವಾದರೂ ಇರುತ್ತದೆ. ನಿಯಮಗಳು ದೇಶದಿಂದ ದೇಶಕ್ಕೆ ಬೇರೆ. ಜಪಾನಿನಲ್ಲಿ 2018ರ ಜೂನ್‌ನಿಂದ ಜಾರಿಯಲ್ಲಿರುವ ಕಾನೂನಿನಡಿ ನೋಂದಾಯಿಸಿಕೊಂಡ ವಾಸದ ಮನೆಗಳು ವರ್ಷಕ್ಕೆ 180 ದಿನ ಮಾತ್ರ ಅತಿಥಿಗಳನ್ನು ಇರಿಸಿಕೊಳ್ಳಬಹುದು. ಇಂಥ ಮಿತಿ ಇರುವ ಕಡೆ, ಜಾಲತಾಣದಲ್ಲಿ ಖಾಲಿ ಎಂದು ತೋರಿಸದ ಮನೆ ಭರ್ತಿಯಾಗಿದೆಯೆಂದೇ ಭಾವಿಸಬೇಕಾಗಿಲ್ಲ.

ಕಾಯ್ದಿರಿಸುವ ಜಾಲತಾಣಗಳು ಮಾಲೀಕರಿಂದ ದಲ್ಲಾಳಿ ಹಣ ಹಿಡಿಯುತ್ತವೆ, ಆದ್ದರಿಂದ ನೇರವಾಗಿ ಮಾತಾಡಿದರೆ ಬಾಡಿಗೆ ಇಳಿಯುವುದುಂಟು. ಪ್ರತಿಯಾಗಿ ಜಾಲತಾಣದ ಮೂಲಕ ಹೋದರೆ ಹಣ ವಾಪಸಿನ ನಿಯಮ ಬರಹದಲ್ಲಿರುತ್ತದೆ. ಗೊತ್ತಿಲ್ಲದ ಮನೆಗೆ ಮೊದಲ ಸಲ ಹೋಗುವವರು ಜಾಲತಾಣದ ಮೂಲಕವೂ, ಎರಡನೆಯ ಸಲ ಹೋಗುವವರು ನೇರವಾಗಿಯೂ ಕಾಯ್ದಿರಿಸುವುದು ಸಮಂಜಸ. ನೇರವಾಗಿ ಮಾಡುವಾಗ ಇಡೀ ಹಣವನ್ನು ಮುಂಗಡವಾಗಿ ಕಳಿಸಬೇಡಿ. ಒಂದು ರಾತ್ರಿಯ ಬಾಡಿಗೆ ಸಾಕು. ಮಾತಾಡಿಕೊಂಡದ್ದನ್ನು ವಾಟ್ಸ್ಆ್ಯಪ್‌ನಲ್ಲಿ ಒಮ್ಮೆ ಬರೆದು ಕಳಿಸಿ, ಅವರ ‘ಸರಿ’ ಎಂಬ ಉತ್ತರ ಬಂದ ಮೇಲೆ ಹಣ ಹಾಕಿ. ಊಟ ಸೇರಿದೆಯೇ, ಮಕ್ಕಳಿಗೆ ಬೇರೆ ಹಾಸಿಗೆಗೆ ಹಣವೇ ಎಂಬುದು ಅದರಲ್ಲಿರಲಿ.

ವಿಮರ್ಶೆಗಳನ್ನು ಓದುವಾಗ ನಕ್ಷತ್ರಗಳ ಸರಾಸರಿಗಿಂತ ತಿಂಗಳನ್ನು ನೋಡಿ. ಡಿಸೆಂಬರಿನಲ್ಲಿ ಉಳಿದವರ ಹೊಗಳಿಕೆ ಮೇ ತಿಂಗಳ ಸೆಕೆಯ ಬಗ್ಗೆ, ಜುಲೈನ ಸೋರಿಕೆಯ ಬಗ್ಗೆ ಏನನ್ನೂ ಹೇಳದು; ನೀವು ಹೋಗುವ ತಿಂಗಳಲ್ಲೇ ಬರೆದ ಎರಡು ವಿಮರ್ಶೆಗಳು ಉಳಿದ ಇಪ್ಪತ್ತಕ್ಕಿಂತ ಹೆಚ್ಚು ಉಪಯುಕ್ತ. ದೂರಿಗೆ ಮಾಲೀಕರು ಕೊಟ್ಟ ಉತ್ತರವನ್ನೂ ಓದಿ: ‘ಪಂಪ್ ಕೆಟ್ಟಿತ್ತು, ಮರುದಿನ ಸರಿಮಾಡಿಸಿದೆವು’ ಎಂದು ಬರೆಯುವವರು ಸ್ಥಳದಲ್ಲಿರುತ್ತಾರೆ, ‘ನಿಮ್ಮ ಅನಿಸಿಕೆಗೆ ಧನ್ಯವಾದಗಳು’ ಎಂದು ಎಲ್ಲರಿಗೂ ಒಂದೇ ಸಾಲು ಅಂಟಿಸುವವರು ಇರುವುದಿಲ್ಲ.

ರದ್ದತಿಯ ನಿಯಮದಲ್ಲಿ ಹವಾಮಾನದ ಮಾತು ಪ್ರತ್ಯೇಕವಾಗಿ ಇರಬೇಕು. ಚಂಡಮಾರುತದ ಎಚ್ಚರಿಕೆ ಬಂದಾಗ, ದ್ವೀಪವಾದರೆ ದೋಣಿ ಸಂಚಾರ ನಿಂತಾಗ, ಮುಂಗಡ ವಾಪಸ್ ಬರುತ್ತದೆಯೇ ಅಥವಾ ದಿನಾಂಕ ಬದಲಿಸಿಕೊಡುತ್ತಾರೆಯೇ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಸಣ್ಣ ಕುಟುಂಬಗಳಿಗೆ ಹಣ ವಾಪಸ್ ಕೊಡುವುದಕ್ಕಿಂತ ದಿನಾಂಕ ಬದಲಿಸುವುದು ಸುಲಭ, ಬಹುತೇಕರು ಅದಕ್ಕೆ ಒಪ್ಪುತ್ತಾರೆ. ಹೋಟೆಲುಗಳು ಛಾಪಿಸಿದ ನಿಯಮವನ್ನು ಮುಂದಿಡುತ್ತವೆ. ಇನ್ನು ಹಿಂದಿರುಗುವ ದಾರಿಯಲ್ಲೂ ದೋಣಿಯನ್ನೇ ನೆಚ್ಚಬೇಕಾದ ಊರಾದರೆ, ಊರಿಗೆ ಮರಳುವ ರೈಲು ಅಥವಾ ವಿಮಾನದ ಟಿಕೆಟ್ಟಿಗೂ ದೋಣಿಯ ದಿನಕ್ಕೂ ನಡುವೆ ಒಂದು ರಾತ್ರಿಯ ಬಿಡುವು ಇಟ್ಟುಕೊಳ್ಳಿ, ಮತ್ತು ಆ ಒಂದು ರಾತ್ರಿಯನ್ನು ಪಟ್ಟಣದ ನಿಲ್ದಾಣದ ಬಳಿಯ ಹೋಟೆಲಿನಲ್ಲೇ ಕಳೆಯಿರಿ.